ಐವತ್ತು ದಾಟಿದರೆ ಹಿಂದಿನ ಶತಮಾನ

ನಮ್ಮಲ್ಲಿ ವಯಸ್ಸಾದವರಿಗೆ ಮರ್ಯಾದೆಗೇನೂ ಕೊರತೆಯಿಲ್ಲ. ಬಸ್ಸಿನಲ್ಲಿ ಸೀಟು ಬಿಡುತ್ತಾರೆ, ಮದುವೆಮನೆಯಲ್ಲಿ ಮೊದಲ ಪಂಕ್ತಿಗೆ ಕೂರಿಸುತ್ತಾರೆ, ಸಭೆಯಲ್ಲಿ ಶಾಲು ಹೊದಿಸುತ್ತಾರೆ. ಕೆಲಸವೊಂದನ್ನು ಬಿಟ್ಟು ಬೇರೆ ಏನು ಕೇಳಿದರೂ ಕೊಡುತ್ತಾರೆ. ಐವತ್ತು ದಾಟಿದ ಮೇಲೆ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ ಹುಡುಕಲು ಹೊರಟವನಿಗೆ ಈ ಸತ್ಯ ಬಹಳ ಬೇಗ ಗೊತ್ತಾಗುತ್ತದೆ.

ಸರ್ಕಾರಿ ನೌಕರಿಯ ಲೋಕವೇ ಬೇರೆ. ಅಲ್ಲಿ ವಯಸ್ಸಾದಷ್ಟೂ ಲಾಭ. ಜ್ಯೇಷ್ಠತಾ ಪಟ್ಟಿಯಲ್ಲಿ ಮೇಲಿನವರು ಒಬ್ಬೊಬ್ಬರೇ ಕಳಚಿಕೊಂಡ ಹಾಗೆ ಕೆಳಗಿನವರು ತಮ್ಮಷ್ಟಕ್ಕೇ ಮೇಲೇರುತ್ತಾರೆ. ಮನೆಗೆ ಹೋಗುವ ದಿನವೂ ಮೊದಲೇ ಗೊತ್ತು. ನಮ್ಮ ರಾಜ್ಯದಲ್ಲಿ 58ಕ್ಕೆ ಇದ್ದ ನಿವೃತ್ತಿ 2008ರಲ್ಲಿ 60 ಆಯಿತು. ಲೋಕೋಪಯೋಗಿ ಇಲಾಖೆಯಲ್ಲಿದ್ದ ನನ್ನ ದೊಡ್ಡಪ್ಪನ ಮಗನ ಜನ್ಮದಿನ ದಾಖಲೆಯ ಪ್ರಕಾರ ಜೂನ್ 1. ನಮ್ಮೂರ ಶಾಲೆಯಲ್ಲಿ ಅವನ ಓರಗೆಯ ಅರ್ಧಕ್ಕರ್ಧ ಹುಡುಗರು ಹುಟ್ಟಿದ್ದು ಜೂನ್ 1ರಂದೇ. ಅಷ್ಟೂ ಹೆರಿಗೆಗಳು ಹೆಡ್‌ಮಾಸ್ತರರ ಪೆನ್ನಿನಲ್ಲಿ ಆದವು. ತಿಂಗಳ ಮೊದಲ ತಾರೀಖಿಗೆ ಹುಟ್ಟಿದವರು ಹಿಂದಿನ ತಿಂಗಳ ಕೊನೆಗೇ ನಿವೃತ್ತರಾಗಬೇಕೆಂಬುದು ನಿಯಮ. ಹಾಗಾಗಿ ಅಣ್ಣ ಮೇ 31ಕ್ಕೆ ಹಾರ ಹಾಕಿಸಿಕೊಂಡು ಮನೆಗೆ ಬಂದ. ಜೂನ್ 2 ಅಂತ ಬರೆದಿದ್ದರೆ ಮಾಸ್ತರರ ಗಂಟೇನು ಹೋಗುತ್ತಿತ್ತು, ಇನ್ನೊಂದು ತಿಂಗಳ ಸಂಬಳ ಬರುತ್ತಿತ್ತಲ್ಲ ಎಂದು ಅವನು ಈಗಲೂ ಅವರನ್ನು ಬೈಯುತ್ತಾನೆ. ಅವರು ತೀರಿಹೋಗಿ ಎಷ್ಟೋ ಕಾಲವಾಯಿತು.

ನಮ್ಮ ಕಡೆ ಹಾರವೂ ಇಲ್ಲ, ತಾರೀಖೂ ಇಲ್ಲ. ಇಲ್ಲಿರುವುದು ಪಿರಮಿಡ್ಡು. ಸಾಫ್ಟ್‌ವೇರ್ ಸೇವಾ ಕಂಪನಿಗಳ ಲೆಕ್ಕ ಬಹಳ ಸರಳ: ಗ್ರಾಹಕ ಕೊಡುವುದು ತಲೆಗೆ ಗಂಟೆಗೆ ಇಷ್ಟು ಎಂದು. ಆ ದರ ಇರುವುದು ಹುದ್ದೆಗೆ. ಹುದ್ದೆಯಲ್ಲಿ ಕೂತವನ ತಲೆ ನೆರೆತಿದೆಯೋ ಇಲ್ಲವೋ ಅವನಿಗೆ ಬೇಡ. ಕೂತವನ ಸಂಬಳ ಮಾತ್ರ ವರ್ಷ ವರ್ಷ ಅಷ್ಟಷ್ಟು ಏರುತ್ತ ಹೋಗುತ್ತದೆ. ಹೊಸದಾಗಿ ಸೇರುವ ಹುಡುಗರ ಸಂಬಳವೋ, ವರ್ಷಕ್ಕೆ ಮೂರೂವರೆ ಲಕ್ಷದ ಆಸುಪಾಸಿನಲ್ಲಿ ಹತ್ತು ವರ್ಷಕ್ಕೂ ಮೀರಿ ಗೂಟ ಹೊಡೆದು ನಿಂತಿದೆ. ಕೆಳಗೆ ಇಂಥವರು ಸಾವಿರಗಟ್ಟಲೆ, ಮೇಲೆ ನಾಲ್ಕೈದು ಮಂದಿ ಇದ್ದರೆ ಕಂಪನಿಗೆ ಲಾಭ. ನಡುವೆ ಹೊಟ್ಟೆ ಬಂದರೆ ಕರಗಿಸಬೇಕು. ಆ ಹೊಟ್ಟೆಯೇ ನಾವು. ಇದರಲ್ಲಿ ದ್ವೇಷವೇನೂ ಇಲ್ಲ ಎನ್ನುವುದು ಸಮಾಧಾನವೋ ಅವಮಾನವೋ ನನಗೆ ಇನ್ನೂ ಬಗೆಹರಿದಿಲ್ಲ.

ನಾನು ಈ ಕಸುಬಿಗೆ ಬಂದದ್ದು ಕೋಬಾಲ್ ಹಿಡಿದುಕೊಂಡು. ಹೊನ್ನಾವರದಿಂದ ಬಂದು ಜಯನಗರದ ಒಂದು ಮಹಡಿಯ ಮೇಲೆ, ಕೆಳಗಿನ ದರ್ಶಿನಿಯ ಸಾಂಬಾರಿನ ವಾಸನೆಯಲ್ಲಿ ಕಲಿತ ವಿದ್ಯೆ ಅದು. 2000ನೇ ಇಸವಿ ಬಂದರೆ ಜಗತ್ತಿನ ಬ್ಯಾಂಕುಗಳೆಲ್ಲ ಕೆಟ್ಟುಹೋಗುತ್ತವೆಂಬ ಭಯ ಆಗ ಎಲ್ಲೆಲ್ಲೂ. ಹಳೆಯ ಪ್ರೋಗ್ರಾಂಗಳಲ್ಲಿ ಜಾಗ ಉಳಿಸಲು ಇಸವಿಯನ್ನು ಎರಡೇ ಅಂಕಿಯಲ್ಲಿ ಬರೆದಿದ್ದರು. 00 ಅಂದರೆ 1900 ಎಂದುಕೊಂಡು ಕಂಪ್ಯೂಟರು ನವಜಾತ ಶಿಶುವಿಗೆ ನೂರು ವರ್ಷದ ಬಡ್ಡಿ ಹಾಕಿದರೆ? ಆ ಭಯದಿಂದ ಬೆಂಗಳೂರಿಗೆ ಬಂದ ಅನ್ನ ಎಷ್ಟೋ ಮನೆಗಳ ತಾರಸಿಯಾಗಿ ಈಗಲೂ ನಿಂತಿದೆ. ಎಲ್ಲ ಕಡೆ ನಾಲ್ಕಂಕಿ ಮಾಡಲು ಪುರುಸೊತ್ತು ಇರಲಿಲ್ಲವಾದ್ದರಿಂದ ನಾವು ಒಂದು ಉಪಾಯ ಮಾಡುತ್ತಿದ್ದೆವು. ಎರಡಂಕಿ 50ಕ್ಕಿಂತ ಕಡಿಮೆ ಇದ್ದರೆ ಅದರ ಹಿಂದೆ 20 ಹಚ್ಚು. 50 ಅಥವಾ ಅದಕ್ಕಿಂತ ಹೆಚ್ಚಿದ್ದರೆ 19 ಹಚ್ಚು. ಅಂದರೆ ಐವತ್ತು ಮುಟ್ಟಿದ್ದೆಲ್ಲ ಹಿಂದಿನ ಶತಮಾನಕ್ಕೆ ಸೇರಿದ್ದು. ಆ ಸಾಲನ್ನು ಇಪ್ಪತ್ತಮೂರರ ಹುಮ್ಮಸ್ಸಿನಲ್ಲಿ, ಕೈ ನಡುಗದೆ, ಎಷ್ಟು ಕಡತಗಳಲ್ಲಿ ಬರೆದೆನೋ. ನಿಯಮ ಇಷ್ಟು ಅಚ್ಚುಕಟ್ಟಾಗಿ ನನಗೇ ಅನ್ವಯವಾಗುತ್ತದೆಂದು ಯಾರಿಗೆ ಗೊತ್ತಿತ್ತು!

ಕೆಲಸ ಹೋದ ಬಗೆಯನ್ನು ಹೆಚ್ಚು ಬೆಳೆಸುವುದಿಲ್ಲ. ನಾನಿದ್ದ ಕಂಪನಿಯವರು ಸಣ್ಣ ಕೋಣೆಗೆ ಕರೆದರು, ಕುರ್ಚಿ ಎಳೆದುಕೊಟ್ಟರು, ನೀರಿನ ಬಾಟಲಿಯ ಮುಚ್ಚಳವನ್ನೂ ತಿರುವಿ ಕೊಟ್ಟರು. ಎಚ್‌ಆರ್ ಹುಡುಗಿ ಮಗಳ ವಯಸ್ಸಿನವಳು; ಅವಳ ಕಣ್ಣಲ್ಲಿ ನೀರು ಬರುವ ಹಾಗಾದಾಗ ನಾನೇ ಸಮಾಧಾನ ಹೇಳಬೇಕಾಯಿತು. ‘ಸರ್, ನಿಮಗೂ ರೆಸ್ಟ್ ಬೇಕಲ್ವಾ?’ ಅಂದಳು. ರೆಸ್ಟು ನನಗೆ ಬೇಕಾಗಿತ್ತು, ಗೃಹಸಾಲಕ್ಕೆ ಬೇಕಾಗಿರಲಿಲ್ಲ.

ಆಮೇಲೆ ರೆಸ್ಯೂಮೆಯ ಪರ್ವ. ರಾಜಾಜಿನಗರದಲ್ಲಿ ಇಂಥದ್ದಕ್ಕೆಂದೇ ಸಲಹೆ ಕೊಡುವ ಒಬ್ಬ ಯುವತಿ ಇದ್ದಾಳೆ. ನನ್ನ ಐದು ಪುಟಗಳನ್ನು ಕೈಗೆತ್ತಿಕೊಂಡು ಮೊದಲು ನೋಡಿದ್ದು ಇಮೇಲ್ ವಿಳಾಸ. ‘ಅಂಕಲ್... ಸಾರಿ, ಸರ್, ರೆಡಿಫ್‌ಮೇಲಾ? ಇದನ್ನು ನೋಡಿದ ತಕ್ಷಣ ಇಸವಿ ಗೊತ್ತಾಗಿಬಿಡತ್ತೆ.’ ಪದವಿಯ ವರ್ಷ ತೆಗೆಸಿದಳು. ಮೊದಲ ಹತ್ತು ಹನ್ನೆರಡು ವರ್ಷದ ಕೆಲಸವನ್ನು ಒಂದೇ ಸಾಲಿಗೆ ಇಳಿಸಿದಳು. ಟೈಪಿಂಗ್ ಸೀನಿಯರ್ ಪರೀಕ್ಷೆ ಪಾಸಾದದ್ದು, ಅದೂ ಕನ್ನಡ ಇಂಗ್ಲಿಷ್ ಎರಡರಲ್ಲೂ, ಎಲ್ಲಿಗೆ ಹೋಯಿತೋ ಕಾಣಲೇ ಇಲ್ಲ. ಹೆಣ್ಣು ನೋಡಲು ಬರುವವರಿಗೆ ಜಾತಕದಲ್ಲಿ ಎರಡು ವರ್ಷ ಇಳಿಸಿ ಬರೆಸಿ, ಕೋಣೆಯ ಬೆಳಕು ಕಡಿಮೆ ಮಾಡಿಸುವ ಸೋದರತ್ತೆಯರ ಕೈಚಳಕವೆಲ್ಲ ಅವಳಲ್ಲಿತ್ತು. ಎರಡು ಪುಟವಾಗಿ ಹೊರಬಂದ ಆ ವ್ಯಕ್ತಿ ನನಗಿಂತ ಚುರುಕಾಗಿದ್ದ. ನನಗೇ ಅವನನ್ನು ಕಂಡರೆ ಸ್ವಲ್ಪ ಮತ್ಸರ. ಸಲಹೆ ಒಳ್ಳೆಯದೇ, ಅನುಮಾನವಿಲ್ಲ. ಕರೆಗಳು ಬರತೊಡಗಿದ್ದು ಆಮೇಲೆಯೇ. ಆದರೆ ರೆಸ್ಯೂಮೆ ಬಾಗಿಲು ತೆಗೆಸುತ್ತದೆಯೇ ಹೊರತು ಒಳಗೆ ಹೋಗಿ ಕೂರಬೇಕಾದವರು ನಾವೇ. ವಿಡಿಯೊ ಆನ್ ಮಾಡಿದ ಕೂಡಲೇ ಆಚೆ ಕೂತವರ ಮುಖದಲ್ಲಿ ಸಣ್ಣದೊಂದು ವಿಳಂಬ, ಆಮೇಲೆ ‘ಗುಡ್ ಮಾರ್ನಿಂಗ್ ಸರ್’.

ತಲೆಗೆ ಬಣ್ಣ ಹಚ್ಚಿಕೊಳ್ಳುವ ವಿಚಾರ ಮನೆಯಲ್ಲಿ ಬಂತು. ‘ಹಚ್ಕೊಳಿ, ನಂಗೇನು. ದಿಂಬಿನ ಕವರು ಮಾತ್ರ ನೀವೇ ಒಗೀರಿ’ ಅಂದಳು ಹೆಂಡತಿ. ಅಲ್ಲಿಗೆ ಅದು ಮುಗಿಯಿತು. ಊರಿನಿಂದ ಆಯಿ ಫೋನಿನಲ್ಲಿ ಕೇಳಿದ್ದು ಬೇರೆ: ‘ನಿಂಗೆ ವಯಸ್ಸಾತು ಹೇಳಿ ಯಾರಾ ಹೇಳಿದ್ದು? ನಂಗೇ ಇನ್ನೂ ಆಜಿಲ್ಲೆ!’

ಇಂಟರ್‌ವ್ಯೂಗಳಲ್ಲಿ ಕೇಳುವ ಪ್ರಶ್ನೆಗಳಿಗೆ ಒಂದು ಸಂಪ್ರದಾಯವಿದೆ. ‘ನಮ್ಮಂಥ ಚಿಕ್ಕವರ ಕೆಳಗೆ ಕೆಲಸ ಮಾಡೋದು ನಿಮಗೆ ಕಷ್ಟ ಆಗಲ್ವಾ ಸರ್?’ ಪಿಯುಸಿ ಓದುವ ಮಗಳ ಕೈಕೆಳಗೆ ದುಡಿಯುತ್ತಿರುವವನಿಗೆ ಇದೆಂಥ ಕಷ್ಟ ಎಂದೆ, ನಕ್ಕರು, ಬರೆದುಕೊಂಡರು. ‘ಐದು ವರ್ಷದ ನಂತರ ನಿಮ್ಮನ್ನು ನೀವು ಎಲ್ಲಿ ಕಾಣ್ತೀರಿ?’ ಎಂಬುದು ಇನ್ನೊಂದು. ಐವತ್ತರ ಆಚೆ ಈ ಪ್ರಶ್ನೆಗೆ ಉತ್ತರ ನಾವು ಹುಡುಕಬೇಕಿಲ್ಲ, ಭವಿಷ್ಯನಿಧಿಯವರೇ ಬರೆದಿಟ್ಟಿದ್ದಾರೆ. ಅಲ್ಲಿಯ ಪಿಂಚಣಿ ಪೂರ್ತಿ ಸಿಗುವುದು 58ಕ್ಕೆ. ಬೇಕಿದ್ದರೆ 50ರಿಂದಲೇ ತೆಗೆದುಕೊಳ್ಳಬಹುದು, ಆದರೆ ಮುಂಚಿನ ಪ್ರತಿ ವರ್ಷಕ್ಕೂ ನೂರಕ್ಕೆ 4ರಂತೆ ಕಡಿತ. ಬೇಗ ಮುದುಕನಾದವನಿಗೆ ದಂಡ! ನನಗಂತೂ ನ್ಯಾಯವೆನಿಸಿತು.

ಈ ತಿರುಗಾಟದಲ್ಲಿ ಒಂದು ಲಕ್ಷಣ ಮಾತ್ರ ಪಕ್ಕಾ ಗೊತ್ತಾಯಿತು. ಯಾವ ಕಂಪನಿಯಲ್ಲಿ ಹೆಚ್ಚು ಮರ್ಯಾದೆ ಕೊಡುತ್ತಾರೋ ಅಲ್ಲಿ ಕೆಲಸ ಕೊಡುವುದಿಲ್ಲ. ಒಳಗೆ ಒಬ್ಬರನ್ನೊಬ್ಬರು ಹೆಸರು ಹಿಡಿದು, ಕೆಲವೊಮ್ಮೆ ‘ಮಚ್ಚಾ’ ಎಂದೂ ಕರೆದುಕೊಳ್ಳುವವರು ನನ್ನನ್ನು ಮಾತ್ರ ಸರ್ ಅನ್ನುತ್ತಾರೆ. ಎಲ್ಲರಿಗೂ ಕಡ್ಡಾಯವಾದ ಕೋಡಿಂಗ್ ಪರೀಕ್ಷೆ ನನಗೆ ಬೇಡ. ‘ಸರ್, ನಿಮ್ಮ ಎಕ್ಸ್‌ಪೀರಿಯನ್ಸಿಗೆ ಟೆಸ್ಟ್ ಕೊಡೋದು ಚೆನ್ನಾಗಿರಲ್ಲ, ಸುಮ್ನೆ ಮಾತಾಡೋಣ.’ ಸುಮ್ಮನೆ ಮಾತಾಡುತ್ತೇವೆ. ವೈಟ್‌ಫೀಲ್ಡಿನ ಟ್ರಾಫಿಕ್ಕು, ಮೊದಲು ಅಲ್ಲಿ ಏನಿತ್ತು, ನಾನು ನೋಡಿದ ಕಂಪ್ಯೂಟರುಗಳ ಗಾತ್ರ. ಅವರಿಗೆ ಅಜ್ಜನ ಕತೆ ಕೇಳಿದ ಖುಷಿ. ಬೀಳ್ಕೊಡಲು ಲಿಫ್ಟಿನವರೆಗೆ ಬರುತ್ತಾರೆ. ಲಿಫ್ಟಿನವರೆಗೆ ಬಂದರೆಂದರೆ ಮುಗಿಯಿತು, ಇನ್ನು ಫೋನು ಬರುವುದಿಲ್ಲ.

ಅಮೆರಿಕದವರು ಸೀಟು ಬಿಡುತ್ತಾರೋ ಇಲ್ಲವೋ, ನಲವತ್ತು ದಾಟಿದವರನ್ನು ವಯಸ್ಸಿನ ಕಾರಣಕ್ಕೆ ಕೆಲಸದಿಂದ ದೂರ ಇಡಬಾರದೆಂದು 1967ರಲ್ಲೇ ಕಾನೂನು ಮಾಡಿಕೊಂಡರು. ನಮ್ಮ ಸಂವಿಧಾನದ 16ನೇ ವಿಧಿ ಸರ್ಕಾರಿ ಉದ್ಯೋಗದಲ್ಲಿ ಧರ್ಮ, ಜನಾಂಗ, ಜಾತಿ, ಲಿಂಗ, ವಂಶ, ಹುಟ್ಟಿದ ಊರು, ವಾಸದ ಊರು ನೋಡಿ ಭೇದ ಮಾಡಬಾರದು ಅನ್ನುತ್ತದೆ. ಆ ಪಟ್ಟಿಯಲ್ಲಿ ವಯಸ್ಸು ಇಲ್ಲ. ಖಾಸಗಿಯವರು ‘35ರ ಒಳಗಿನವರು ಮಾತ್ರ’ ಎಂದು ಜಾಹೀರಾತಿನಲ್ಲೇ ಸಂಕೋಚವಿಲ್ಲದೆ ಹಾಕುತ್ತಾರೆ. ಹೆಂಗಸರಿಗಂತೂ ಈ ಬಾಗಿಲು ಇನ್ನೂ ಬೇಗ ಮುಚ್ಚುತ್ತದೆ. ಮಗುವಿಗಾಗಿ ಮೂರು ವರ್ಷ ಮನೆಯಲ್ಲಿದ್ದು ಹಿಂದಿರುಗಿದ ನನ್ನ ಹಳೆಯ ಸಹೋದ್ಯೋಗಿ ಮೂವತ್ತಾರಕ್ಕೇ ಕೇಳಿದ ಪ್ರಶ್ನೆಗಳನ್ನು ನಾನು ಕೇಳಿದ್ದು ಐವತ್ತರ ಮೇಲೆ. ಅವಳ ಮುಂದೆ ನನ್ನ ದೂರು ಹೇಳಿಕೊಳ್ಳಲು ಬಾಯಿ ಬರಲಿಲ್ಲ.

ಸಮಾಧಾನ ಹೇಳುವವರೆಲ್ಲರೂ ತಪ್ಪದೆ ವಿಶ್ವೇಶ್ವರಯ್ಯನವರನ್ನು ಕರೆತರುತ್ತಾರೆ. ಬೊಂಬಾಯಿ ಸರ್ಕಾರದ ಕೆಲಸ ಬಿಟ್ಟದ್ದು 1908ರಲ್ಲಿ, ನಲವತ್ತೆಂಟರ ಆಸುಪಾಸಿನಲ್ಲಿ. ಮೈಸೂರಿನ ಚೀಫ್ ಎಂಜಿನಿಯರ್ ಆದದ್ದು, ದಿವಾನರಾದದ್ದು, ಭದ್ರಾವತಿಯ ಕಬ್ಬಿಣದ ಕಾರ್ಖಾನೆಯನ್ನು ನಡೆಸಿದ್ದು ಎಲ್ಲ ಆಮೇಲೆಯೇ. ತೊಂಬತ್ತು ದಾಟಿದ ಮೇಲೆ ಬಿಹಾರದಲ್ಲಿ ಗಂಗೆಗೆ ಸೇತುವೆ ಎಲ್ಲಿ ಕಟ್ಟಬೇಕೆಂದು ನೋಡಲು ಹೋಗಿದ್ದರು. ಎಲ್ಲ ನಿಜ. ಆದರೆ ಕೆಲಸ ಇಲ್ಲದವನ ಮುಂದೆ ವಿಶ್ವೇಶ್ವರಯ್ಯನವರ ಹೆಸರು ತೆಗೆಯುವುದು, ಸೈಕಲ್ಲಿನ ಟ್ಯೂಬು ಪಂಕ್ಚರಾದವನಿಗೆ ಕನ್ನಂಬಾಡಿ ತೋರಿಸಿದ ಹಾಗೆಯೇ. ಅವರನ್ನು ದಿವಾನರಾಗಿ ಎಂದು ಕರೆದವರು ಮಹಾರಾಜರು. ನನ್ನ ರೆಸ್ಯೂಮೆಯನ್ನು ಮೊದಲು ಓದುವುದು ಒಂದು ಯಂತ್ರ.

ನನಗೆ ಆಸರೆಯಾದವರು ಬೇರೆ. ನಮ್ಮ ಹೊನ್ನಾವರದ ಯಕ್ಷಗಾನ ಕಲಾವಿದ ಚಿಟ್ಟಾಣಿ ರಾಮಚಂದ್ರ ಹೆಗಡೆ. 2012ರಲ್ಲಿ ಪದ್ಮಶ್ರೀ ಬಂದಾಗಲೇ ಎಂಬತ್ತರ ಹೊಸ್ತಿಲಲ್ಲಿದ್ದರು. 2017ರಲ್ಲಿ ಹೋಗುವ ತನಕ ಗೆಜ್ಜೆ ಬಿಚ್ಚಲಿಲ್ಲ. ಅದೂ ಎಂಥ ಪಾತ್ರ? ಕೀಚಕ, ಭಸ್ಮಾಸುರ, ಸೈರಂಧ್ರಿಗೆ ಮರುಳಾಗುವವನು, ಮೋಹಿನಿಯ ಹಿಂದೆ ಕುಣಿಯುವವನು. ವಯಸ್ಸಾಯಿತು, ಇನ್ನು ಭೀಷ್ಮನೋ ಧೃತರಾಷ್ಟ್ರನೋ ಆಗಿ ಕೂತುಬಿಡಿ ಎಂದು ಹೇಳುವ ಧೈರ್ಯ ಯಾರಿಗೂ ಇರಲಿಲ್ಲ. ಆ ಕೊನೆಕೊನೆಯ ವರ್ಷಗಳಲ್ಲಿ ಅವರ ಕೀಚಕನನ್ನು ನೋಡಿದ್ದೇನೆ. ಚಂಡೆಗೆ ಪ್ರಾಯದವರ ಹಾಗೆ ಮಂಡಿ ಕುಣಿತ ಹಾಕುತ್ತಿರಲಿಲ್ಲ. ಭಾಗವತರು ಪದ ಎಳೆಯುತ್ತಿದ್ದರೆ ಇವರು ನಿಂತಲ್ಲೇ ಒಂದು ಭುಜ ಅಲುಗಿಸುತ್ತಿದ್ದರು, ಮೀಸೆಯ ಕಡೆ ಬೆರಳು ಹೋಗಿ ಅರ್ಧದಲ್ಲಿ ನಿಲ್ಲುತ್ತಿತ್ತು, ಕಣ್ಣು ಮಾತ್ರ ಸೈರಂಧ್ರಿ ಬಂದ ದಾರಿಯನ್ನು ಅಳೆಯುತ್ತಿತ್ತು. ನೂರು ಕುಣಿತದ ಕೆಲಸ ಆ ಒಂದು ಭುಜ ಮಾಡುತ್ತಿತ್ತು. ನನ್ನ ಪಕ್ಕ ಕೂತಿದ್ದ ಎಲೆಅಡಿಕೆಯ ಅಜ್ಜ ‘ನೋಡು ನೋಡು’ ಎಂದು ನನ್ನ ತೊಡೆಗೆ ಹೊಡೆದದ್ದು ಈಗಲೂ ಚುರುಗುಟ್ಟುತ್ತದೆ. ಅವರನ್ನು ಜನ ಕರೆಸುತ್ತಿದ್ದದ್ದು ವಯಸ್ಸಿಗೆ ಮರ್ಯಾದೆ ಕೊಡಲಿಕ್ಕಲ್ಲ. ಅವರ ಕೀಚಕ ಬೇಕಾಗಿತ್ತು, ಅದಕ್ಕೆ. ಆಟ ಚೆನ್ನಾಗಿಲ್ಲದಿದ್ದರೆ ಎದ್ದು ಚಹಾ ಕುಡಿಯಲು ಹೋಗುವ ಸ್ವಾತಂತ್ರ್ಯವನ್ನು ನಮ್ಮ ಕಡೆಯ ಪ್ರೇಕ್ಷಕ ಯಾರಿಗಾಗಿಯೂ ಬಿಟ್ಟುಕೊಟ್ಟವನಲ್ಲ.

ಇಂಥದ್ದೇ ಇನ್ನೊಬ್ಬರು ನಮ್ಮ ಬೀದಿಯಲ್ಲಿದ್ದಾರೆ. ಜಾಲಹಳ್ಳಿಯ ಎಚ್‌ಎಂಟಿಯ ಟೂಲ್‌ರೂಮಿನಲ್ಲಿದ್ದವರು, ವಿಆರ್‌ಎಸ್ ತೆಗೆದುಕೊಂಡು ಬಂದು, ಎಪ್ಪತ್ತು ದಾಟಿದರೂ ಪೀಣ್ಯದ ಒಂದು ಸಣ್ಣ ವರ್ಕ್‌ಶಾಪಿಗೆ ದಿನಾ ಬೆಳಿಗ್ಗೆ ಟಿಫನ್ ಡಬ್ಬಿ ಹಿಡಿದು ಹೋಗುತ್ತಾರೆ. ಒಮ್ಮೆ ಅವರ ಜೊತೆ ಹೋಗಿದ್ದೆ. ಪ್ರೆಸ್ಸಿನಿಂದ ಬಿದ್ದ ತಗಡಿನ ಬಿಲ್ಲೆಯೊಂದನ್ನು ಎತ್ತಿಕೊಂಡು ಅದರ ಅಂಚಿಗೆ ಹೆಬ್ಬೆರಳಿನ ಉಗುರು ಸವರಿದರು. ‘ಬರ್ ಬರ್ತಾ ಇದೆ. ಡೈ ಇಳಿಸಿ, ಗ್ರೈಂಡಿಂಗ್ ಕೊಡಿ.’ ಅಷ್ಟೇ. ಪಂಚಿಗೂ ಡೈಗೂ ನಡುವಿನ ಸಂದು ಕೂದಲೆಳೆಯಷ್ಟು ಹೆಚ್ಚಾದರೂ, ಅಂಚು ಮೊಂಡಾದರೂ ತಗಡಿನ ಬಾಯಿಗೆ ಒರಟು ಎದ್ದುಕೊಳ್ಳುತ್ತದೆಯಂತೆ. ಅಲ್ಲಿ ಕಂಪ್ಯೂಟರಿನ ಮಷೀನುಗಳೂ ಇದ್ದವು, ಅವುಗಳನ್ನು ನಡೆಸುವ ಡಿಪ್ಲೊಮಾ ಹುಡುಗರೂ ಇದ್ದರು. ಅವರಲ್ಲೊಬ್ಬ ಇವರಿಗೆ ಸರ್ ಅನ್ನಲಿಲ್ಲ, ಎದ್ದೂ ನಿಲ್ಲಲಿಲ್ಲ. ‘ಏನ್ರೀ ಫೋರ್‌ಮನ್ನು, ನಿನ್ನೆ ಇಳಿಸಿದ್ದೇ ಅಲ್ವಾ?’ ಎಂದು ವಾದಕ್ಕೆ ನಿಂತ. ಇಬ್ಬರೂ ಹತ್ತು ನಿಮಿಷ ಜಗಳವಾಡಿದರು. ಅದನ್ನು ನೋಡಿ ನನಗೆ ಹೊಟ್ಟೆಯುರಿಯಿತು. ನನ್ನ ಜೊತೆ ಹಾಗೆ ಜಗಳವಾಡಿದವರೇ ಇಲ್ಲದೆ ತಿಂಗಳುಗಳಾಗಿದ್ದವು.

ಹಾಗಾಗಿ ಮುಂದಿನ ಇಂಟರ್‌ವ್ಯೂನಲ್ಲಿ ‘ಸುಮ್ನೆ ಮಾತಾಡೋಣ ಸರ್’ ಎಂದ ಕೂಡಲೇ, ಬೇಡ, ಟೆಸ್ಟ್ ಕೊಡಿ ಎಂದು ಕೇಳಿದೆ. ಹುಡುಗರು ಮುಖ ಮುಖ ನೋಡಿಕೊಂಡರು. ಕೊಟ್ಟರು. ಹೊಸ ಭಾಷೆಗಳ ಪರೀಕ್ಷೆಗೆಂದು ಸಂಜೆ ಹೊತ್ತು ಮಗಳ ಪಕ್ಕದಲ್ಲಿ ಕೂತು ಅವಳಷ್ಟೇ ಆಕಳಿಸುತ್ತ ಪೈಥಾನ್ ಕಲಿತಿದ್ದೆ. ಉತ್ತರ ಅಷ್ಟೇನೂ ಹೊಳೆಯಲಿಲ್ಲ, ಮರ್ಯಾದೆಯೂ ಹೋಗಲಿಲ್ಲ. ಕೆಲಸ ಅಲ್ಲಿ ಸಿಗದಿದ್ದರೂ ಕಾರಣ ಸಿಕ್ಕಿತು: ಇಂತಿಂಥದ್ದು ಬರುವುದಿಲ್ಲ ಎಂದು ಮೊದಲ ಬಾರಿಗೆ ಒಬ್ಬರು ಮುಖಕ್ಕೆ ಹೇಳಿದರು. ವಯಸ್ಸನ್ನು ತಿದ್ದಲು ಆಗುವುದಿಲ್ಲ, ಇದನ್ನಾದರೆ ತಿದ್ದಬಹುದು. ಆಮೇಲಿನಿಂದ ಪರೀಕ್ಷೆ ಕೊಡದ ಕಡೆಗೆ ನಾನೇ ಹೋಗುವುದನ್ನು ಬಿಟ್ಟೆ.

ಕೊನೆಗೆ ಕೈಹಿಡಿದದ್ದು, ರಾಜಾಜಿನಗರದ ಯುವತಿ ಒಂದೇ ಸಾಲಿಗೆ ಇಳಿಸಿದ್ದ ಆ ಕೋಬಾಲೇ. ಈ ಭಾಷೆ ಹುಟ್ಟಿದ್ದು 1959ರಲ್ಲಿ, ನನಗಿಂತ ಹಿರಿಯದು. ಅದರ ಬೇರಿನಲ್ಲಿದ್ದವರು ಗ್ರೇಸ್ ಹಾಪರ್ ಎಂಬ ಮಹಾತಾಯಿ. ಅಮೆರಿಕದ ನೌಕಾಪಡೆ ಆಕೆಯನ್ನು ಅರವತ್ತಕ್ಕೆ, 1966ರಲ್ಲಿ ಮನೆಗೆ ಕಳಿಸಿತು. ಮರುವರ್ಷವೇ ಆರು ತಿಂಗಳ ಮಟ್ಟಿಗೆ ಬನ್ನಿ ಎಂದು ವಾಪಸು ಕರೆಯಿತು. ಆ ಆರು ತಿಂಗಳು ನಡುವೆ ಇನ್ನೊಂದು ನಿವೃತ್ತಿಯನ್ನೂ ನುಂಗಿಕೊಂಡು 1986ರವರೆಗೆ ಎಳೆಯಿತು. ಆಗ ಆಕೆಗೆ ಎಪ್ಪತ್ತೊಂಬತ್ತು. ಅಷ್ಟಕ್ಕೇ ಸುಮ್ಮನಾಗದೆ ಒಂದು ಕಂಪ್ಯೂಟರ್ ಕಂಪನಿಗೆ ಸಲಹೆಗಾರ್ತಿಯಾಗಿ ಸೇರಿಕೊಂಡರು. ಭಾಷೆಯೂ ತಾಯಿಯ ಗುಣ ಹೊತ್ತು ಬಂದಿದೆ. ಸತ್ತಿತು ಸತ್ತಿತು ಎಂದು ಎಲ್ಲರೂ ಹೇಳುತ್ತಿರುವಾಗಲೇ 2020ರ ಏಪ್ರಿಲ್‌ನಲ್ಲಿ, ಕೊರೊನಾದಿಂದ ಕೆಲಸ ಕಳೆದುಕೊಂಡವರ ಅರ್ಜಿಗಳ ಭಾರಕ್ಕೆ ಹಳೆಯ ಕಂಪ್ಯೂಟರುಗಳು ಏದುಸಿರು ಬಿಟ್ಟಾಗ, ನ್ಯೂಜೆರ್ಸಿಯ ಗವರ್ನರ್ ಕೋಬಾಲ್ ಬಲ್ಲವರು ಯಾರಾದರೂ ಇದ್ದರೆ ಬನ್ನಿ ಎಂದು ಪತ್ರಿಕಾಗೋಷ್ಠಿಯಲ್ಲೇ ಕೇಳಿಕೊಂಡರು.

ಈಗ ನನ್ನ ಕೆಲಸ ಒಂದು ವಿದೇಶಿ ಬ್ಯಾಂಕಿನ ಹಳೆಯ ಪ್ರೋಗ್ರಾಂಗಳನ್ನು ಓದಿ ಹೊಸ ವ್ಯವಸ್ಥೆಗೆ ಸಾಗಿಸುವ ತಂಡದಲ್ಲಿ. ಮುಖ್ಯಸ್ಥೆಗೆ ಮೂವತ್ತೊಂದು. ಟೆಸ್ಟಿನ ದಿನ ಅವಳು ನನ್ನ ಮುಂದಿಟ್ಟದ್ದು ರಾತ್ರಿ ಬ್ಯಾಚಿನಲ್ಲಿ ಮುಗ್ಗರಿಸಿದ್ದ ಒಂದು ಪ್ರೋಗ್ರಾಂ, ಎಸ್0ಸಿ7. ಮೇನ್‌ಫ್ರೇಮಿನವರ ಬಾಯಲ್ಲಿ ‘ಸಾಕ್ ಸೆವೆನ್’. ಅಂಕಿ ಇರಬೇಕಾದ ಜಾಗದಲ್ಲಿ ಅಂಕಿಯಲ್ಲದ್ದು ಬಂದು ಕೂತಿದೆ ಎಂದರ್ಥ. ಎಐಗೆ ಕೇಳಿದರೆ ಅಷ್ಟನ್ನು ನನಗಿಂತ ಚೆನ್ನಾಗಿ ವಿವರಿಸುತ್ತದೆ, ಅವಳು ಅದನ್ನು ಕೇಳಿಯೂ ಆಗಿತ್ತು. ನಾನು ಕೇಳಿದ್ದು ಈ ಫೈಲು ಎಲ್ಲಿಂದ ಬರುತ್ತದೆ ಎಂದು. ಬೇರೆ ಶಾಖೆಯ ವ್ಯವಸ್ಥೆಯಿಂದ. ಅಲ್ಲಿ ಮೊತ್ತವಿಲ್ಲದ ಖಾತೆಗೆ ಸೊನ್ನೆಯ ಬದಲು ಖಾಲಿ ಜಾಗ ಬಿಟ್ಟು ಕಳಿಸುತ್ತಿದ್ದರು. ಒಂದೇ ದಾಖಲೆ, ನಡುವೆ ಎಲ್ಲೋ. ಅದನ್ನು ಹುಡುಕಿ ತೋರಿಸಿದಾಗ ಅವಳು ‘ಓಹ್’ ಅಂದಳು, ಕೂಡಲೇ ಮುಂದಿನ ಪ್ರಶ್ನೆಗೆ ಹೋದಳು. ಲಿಫ್ಟಿನವರೆಗೆ ಬರಲಿಲ್ಲ. ಸಂಬಳ ಹಿಂದಿನದಕ್ಕಿಂತ ಕಡಿಮೆ, ಹುದ್ದೆಯ ಹೆಸರಿನಲ್ಲಿದ್ದ ಎರಡು ವಿಶೇಷಣಗಳೂ ಹೋದವು. ವಿಶೇಷಣಗಳಿಗೆ ಬ್ಯಾಂಕು ಸಾಲದ ಕಂತನ್ನೇನೂ ಇಳಿಸುತ್ತಿರಲಿಲ್ಲ ಬಿಡಿ. ಮೊದಲ ವಾರ ನಾನು ತೆರೆದ ಕಡತವೊಂದರಲ್ಲಿ ಆ 50ರ ಸಾಲು ಇತ್ತು. ನನ್ನ ಕೈಬರಹವಲ್ಲ, ಬೇರೆ ಯಾರೋ ಬರೆದದ್ದು. ಈಗ ಅದನ್ನು ತೆಗೆದು ನಾಲ್ಕಂಕಿ ಮಾಡುವುದಕ್ಕೆ ನನಗೆ ಸಂಬಳ.

ಸೇರುವ ಮುನ್ನ ಹಿನ್ನೆಲೆ ಪರಿಶೀಲನೆ ಎಂಬ ಶಾಸ್ತ್ರ ಇರುತ್ತದಲ್ಲ, ಅದರವರು ನನ್ನ ಮೊಟ್ಟಮೊದಲ ಕಂಪನಿಯ ಮ್ಯಾನೇಜರರ ನಂಬರು ಬೇಕೆಂದು ಹಟ ಹಿಡಿದರು. ಕಂಪನಿ ಮುಚ್ಚಿ ಯಾವ ಕಾಲವಾಯಿತೋ. ಮ್ಯಾನೇಜರರಿಗೆ ಈಗ ಎಂಬತ್ತರ ಹತ್ತಿರ, ಮಲ್ಲೇಶ್ವರದಲ್ಲಿದ್ದಾರೆ. ಮಧ್ಯಾಹ್ನ ನಿದ್ದೆ ಮಾಡುವ ಹೊತ್ತಿನಲ್ಲಿ ಮಾತ್ರ ಮಾಡಬೇಡಿ ಎಂದು ಹೇಳಿ ನಂಬರು ಕೊಟ್ಟೆ. ಅದೇ ಹೊತ್ತಿಗೆ ಮಾಡಿದರಂತೆ. ಸಂಜೆ ಅವರೇ ನನಗೆ ಫೋನು ಮಾಡಿದರು.

‘ಯಾರೋ ಹುಡುಗ ನಿನ್ನ ಬಗ್ಗೆ ವಿಚಾರಿಸಿದ ಕಣಯ್ಯ. ಕೆಲಸ ಹೇಗೆ ಮಾಡ್ತಿದ್ರು ಅಂತ ಕೇಳಿದ. ಇನ್ನೂ ಚಿಕ್ಕವನು, ಕಲೀತಾನೆ ಅಂದೆ. ಸರಿ ಹೋಯ್ತಾ?’

ಸರಿ ಹೋಯಿತು ಎಂದೆ.

‘ಅಂದ ಹಾಗೆ, ಅವರ ಹತ್ರ ನನಗೇನಾದ್ರೂ ಇದೆಯಾ ಕೇಳಿ ನೋಡು. ಅರ್ಧ ದಿನದ್ದಾದರೂ ಪರವಾಗಿಲ್ಲ. ಟೆಸ್ಟು ಗಿಸ್ಟು ಇದ್ರೆ ಮೊದಲೇ ಹೇಳಬೇಕು, ಓದ್ಕೊಂಡು ಬರ್ತೀನಿ.’